ಮೂರನೆಯ ಸೋಮೇಶ್ವರ

ಮೂರನೆಯ ಸೋಮೇಶ್ವರ (ಆಳ್ವಿಕೆ: ಸು. ಕ್ರಿ.ಶ. 1126–1138) ಕಲ್ಯಾಣದ ಚಾಲುಕ್ಯ ವಂಶದ ಅರಸ. ಆರನೆಯ ವಿಕ್ರಮಾದಿತ್ಯನ ಮಗ ಹಾಗೂ ಉತ್ತರಾಧಿಕಾರಿ. ಭೂಲೋಕಮಲ್ಲ ಮತ್ತು ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳನ್ನು ಹೊಂದಿದ್ದ ಈತನು ಮಾನಸೋಲ್ಲಾಸ ಎಂಬ ಸಂಸ್ಕೃತ ವಿಶ್ವಕೋಶದ ಕರ್ತೃವಾಗಿ ಹೆಚ್ಚು ಪ್ರಸಿದ್ಧನಾಗಿದ್ದಾನೆ. ಆನೆ ಕುದುರೆಗಳ ರೋಗಚಿಕಿತ್ಸೆಯನ್ನೂ ಮೀನುಗಳ ವರ್ಗ, ವಾಸಸ್ಥಾನ ಮತ್ತು ಆಹಾರವನ್ನೂ ಒಂದೇ ಗ್ರಂಥದಲ್ಲಿ ಶಾಸ್ತ್ರವಿಷಯಗಳಾಗಿ ನಿರೂಪಿಸಿರುವುದರಿಂದ ಭಾರತದ ಪ್ರಾಣಿವೈದ್ಯ ಮತ್ತು ಮತ್ಸ್ಯವಿಜ್ಞಾನಗಳ ಇತಿಹಾಸದಲ್ಲಿ ಈತನಿಗೆ ವಿಶೇಷ ಸ್ಥಾನವಿದೆ.

ಹಿನ್ನೆಲೆ ಮತ್ತು ಆಳ್ವಿಕೆ

ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನು 1076ರಿಂದ ಸುಮಾರು 50 ವರ್ಷಗಳ ಕಾಲ ಆಳಿ, ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದ ಪ್ರಬಲ ಚಕ್ರವರ್ತಿ. ಅವನ ತರುವಾಯ ಪಟ್ಟಕ್ಕೆ ಬಂದ ಸೋಮೇಶ್ವರನಿಗೆ ವಿಸ್ತಾರವಾದ ರಾಜ್ಯವೂ ಸ್ವತಂತ್ರರಾಗಲು ಹವಣಿಸುತ್ತಿದ್ದ ಸಾಮಂತರೂ ಒಟ್ಟಿಗೇ ದೊರೆತರು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆಗಿನ ರಾಜಧಾನಿ ಕಲ್ಯಾಣ.

ದೊಡ್ಡ ರಾಜ್ಯದ ಬಹುಭಾಗವನ್ನು ಸಾಮಂತ ಮನೆತನಗಳ ಮೂಲಕ ಆಳಲಾಗುತ್ತಿತ್ತು. ಕೃಷ್ಣಾ ಮತ್ತು ಅದರ ಉಪನದಿಗಳಾದ ದೂಧಗಂಗಾ, ವೇದಗಂಗಾಗಳು ಹರಿಯುವ ಇಂದಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸೀಮೆಯೂ ಚಾಲುಕ್ಯರ ಅಧಿಪತ್ಯಕ್ಕೆ ಒಳಪಟ್ಟಿತ್ತು. ಈ ಭಾಗದಲ್ಲಿ ಕೂಂಡಿ-3000 ನಾಡನ್ನು ಆಳುತ್ತಿದ್ದ ಸವದತ್ತಿಯ ರಟ್ಟರು ಮತ್ತು ನೆರೆಯ ಕೊಲ್ಲಾಪುರದ ಶಿಲಾಹಾರರು ಚಾಲುಕ್ಯರ ಪ್ರಮುಖ ಸಾಮಂತರಾಗಿದ್ದರು.

ಸೋಮೇಶ್ವರನ ಕಾಲದಲ್ಲಿ ಪೂರ್ವದ ವೇಂಗಿ ಪ್ರದೇಶವು ಚೋಳರ ವಶಕ್ಕೆ ಮರಳಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಸಾಮಂತನಾಗಿದ್ದರೂ ತನ್ನ ಬಲವನ್ನು ಬೆಳೆಸಿಕೊಂಡು ಉತ್ತರದ ಕಡೆಗೆ ವಿಸ್ತರಿಸತೊಡಗಿದನು. ಆದ್ದರಿಂದ ರಾಜಕೀಯ ಇತಿಹಾಸದಲ್ಲಿ ಸೋಮೇಶ್ವರನನ್ನು ತಂದೆಯ ಸಾಮರ್ಥ್ಯಕ್ಕೆ ಸಾಟಿಯಾಗದ ಅರಸನೆಂದು ಚಿತ್ರಿಸುವುದುಂಟು. ಆತನ ಕೀರ್ತಿ ನಿಂತಿರುವುದು ಯುದ್ಧಗಳ ಮೇಲಲ್ಲ, ಬರವಣಿಗೆಯ ಮೇಲೆ.

ಕೃತಿಗಳು

ಸೋಮೇಶ್ವರನ ಹೆಸರಿನಲ್ಲಿ ಎರಡು ಸಂಸ್ಕೃತ ಕೃತಿಗಳಿವೆ. ವಿಕ್ರಮಾಂಕಾಭ್ಯುದಯವು ತಂದೆಯ ಚರಿತ್ರೆ. ಅದು ಅಪೂರ್ಣವಾಗಿ ದೊರೆತಿದ್ದು, ಕರ್ಣಾಟ ದೇಶ ಮತ್ತು ಅಲ್ಲಿನ ಜನರ ವರ್ಣನೆಯನ್ನು ಒಳಗೊಂಡಿದೆ.

ಎರಡನೆಯದು ಮಾನಸೋಲ್ಲಾಸ. ಇದಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಹೆಸರೂ ಇದೆ. ಇದರ ರಚನಾಕಾಲ ಸುಮಾರು 1129. ಗ್ರಂಥದಲ್ಲಿ ವಿಂಶತಿಗಳೆಂಬ 5 ಭಾಗಗಳಿವೆ. ಒಂದೊಂದರಲ್ಲಿ 20ರಂತೆ ಒಟ್ಟು 100 ಅಧ್ಯಾಯಗಳಿವೆ. ರಾಜ್ಯವನ್ನು ಪಡೆಯುವ ಬಗೆ, ಅದನ್ನು ಸ್ಥಿರಗೊಳಿಸುವ ಬಗೆ, ಅರಸನ ಉಪಭೋಗಗಳು, ವಿನೋದಗಳು ಮತ್ತು ಕ್ರೀಡೆಗಳು ಎಂಬುದು ಇವುಗಳ ಕ್ರಮ. ಆಡಳಿತ, ವಾಸ್ತು, ಚಿತ್ರಕಲೆ, ಸಂಗೀತ, ನೃತ್ಯ, ಆಭರಣ, ಅಡುಗೆ ಮುಂತಾದ ಹತ್ತಾರು ವಿಷಯಗಳು ಇಲ್ಲಿ ಬರುತ್ತವೆ. ಇಡ್ಲಿ, ದೋಸೆ ಮತ್ತು ವಡೆಗಳ ಪೂರ್ವರೂಪಗಳನ್ನು ಗುರುತಿಸಲು ಆಹಾರದ ಇತಿಹಾಸಕಾರರು ಇದರ ಅನ್ನಭೋಗ ಅಧ್ಯಾಯವನ್ನು ಆಧರಿಸುತ್ತಾರೆ.

ಪ್ರಾಣಿಚಿಕಿತ್ಸೆ

ಚಾಲುಕ್ಯರ ಆಸ್ಥಾನಕ್ಕೆ ಪ್ರಾಣಿವೈದ್ಯವು ಅಪರಿಚಿತವಾಗಿರಲಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಕೃಷಿ, ನೀರಿನ ಶೋಧ ಮೊದಲಾದವುಗಳ ಜೊತೆಗೆ ದನಕರುಗಳ ಚಿಕಿತ್ಸೆಯೂ ಸೇರಿದೆ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ರಚಿಸಿದ ಗೋವೈದ್ಯವು ಕನ್ನಡದ ಪ್ರಾಚೀನ ಪಶುವೈದ್ಯ ಗ್ರಂಥವಾಗಿದೆ. ಈತನು ಆರನೆಯ ವಿಕ್ರಮಾದಿತ್ಯನ ಸಹೋದರನಾದ್ದರಿಂದ ಸೋಮೇಶ್ವರನಿಗೆ ಚಿಕ್ಕಪ್ಪನಾಗಬೇಕು.

ಮಾನಸೋಲ್ಲಾಸವು ಈ ಪರಂಪರೆಯಲ್ಲೇ ಬಂದ ಗ್ರಂಥವಾದರೂ ಅದರ ಗಮನವಿರುವುದು ಸೈನ್ಯಕ್ಕೆ ಬೇಕಾದ ಆನೆ ಮತ್ತು ಕುದುರೆಗಳ ಮೇಲೆ. ಜ್ವರ, ಗಾಯ, ಅಜೀರ್ಣ ಮುಂತಾದ ತೊಂದರೆಗಳಿಗೆ ಪರಿಹಾರ, ಸರಿಯಾದ ಆಹಾರ ಮತ್ತು ಆರೈಕೆಯ ಕ್ರಮಗಳು ಅಲ್ಲಿವೆ. ಔಷಧಕ್ಕಾಗಿ 40ಕ್ಕೂ ಹೆಚ್ಚು ಗಿಡಮೂಲಿಕೆಗಳನ್ನು ಹೆಸರಿಸಲಾಗಿದೆ. ಈ ಅಧ್ಯಾಯಗಳು ರಾಜ್ಯವನ್ನು ಸ್ಥಿರಗೊಳಿಸುವ ವಿಷಯಗಳ ಸಾಲಿನಲ್ಲಿ ಬಂದಿರುವುದು ಗಮನಾರ್ಹ. ಪ್ರಾಣಿಯ ಆರೋಗ್ಯವು ಇಲ್ಲಿ ದಯೆಯ ವಿಷಯವಾಗಿರುವುದಕ್ಕಿಂತ ಹೆಚ್ಚಾಗಿ ರಾಜ್ಯರಕ್ಷಣೆಯ ವಿಷಯವಾಗಿದೆ.

ಮತ್ಸ್ಯವಿನೋದ

ಗ್ರಂಥದ 4ನೆಯ ಭಾಗದಲ್ಲಿ ಅರಸನ ವಿನೋದಗಳ ನಡುವೆ ಮತ್ಸ್ಯವಿನೋದ ಎಂಬ ಅಧ್ಯಾಯವಿದೆ. ಗಾಳ ಹಾಕಿ ಮೀನು ಹಿಡಿಯುವ ರಾಜಕ್ರೀಡೆಯೇ ಇದರ ವಿಷಯ. ಸುಮಾರು 35 ಬಗೆಯ ಮೀನುಗಳನ್ನು ಇಲ್ಲಿ ಹೆಸರಿಸಲಾಗಿದೆ. ಸಮುದ್ರದಲ್ಲಿ ಇರುವವು ಮತ್ತು ಸಿಹಿನೀರಿನಲ್ಲಿ ಇರುವವು, ಹುರುಪೆಯುಳ್ಳವು ಮತ್ತು ಹುರುಪೆಯಿಲ್ಲದೆ ಬರಿಯ ಚರ್ಮವುಳ್ಳವು, ದೊಡ್ಡವು ಮತ್ತು ಸಣ್ಣವು ಎಂದು ಅವುಗಳನ್ನು ವಿಂಗಡಿಸಲಾಗಿದೆ. ರೋಹಿತ, ಪಾಠೀನ ಮೊದಲಾದ ಹೆಸರುಗಳು ಇತರ ಸಂಸ್ಕೃತ ಗ್ರಂಥಗಳಲ್ಲೂ ಪರಿಚಿತವಾಗಿವೆ. ಉಳಿದ ಹಲವು ಹೆಸರುಗಳನ್ನು ಇಂದಿನ ಪ್ರಭೇದಗಳೊಂದಿಗೆ ಹೊಂದಿಸುವುದು ಸುಲಭವಲ್ಲ.

ಮೀನುಗಳಿಗೆ ಆಹಾರ ನೀಡುವ ಕ್ರಮವು ಈ ಅಧ್ಯಾಯದ ಮುಖ್ಯ ಭಾಗ. ಎಳ್ಳಿನ ಹಿಂಡಿ, ಹುರಿದ ಕಡಲೆಯ ಹಿಟ್ಟು ಮತ್ತು ಅನ್ನದಂತಹ ಪದಾರ್ಥಗಳ ಉಂಡೆಗಳನ್ನು ಕೆಲವು ಮೀನುಗಳಿಗೂ ಮಾಂಸದ ತುಣುಕುಗಳನ್ನು ಇತರ ಮೀನುಗಳಿಗೂ ಹೇಳಲಾಗಿದೆ. ಯಾವ ಮೀನು ಯಾವ ನೀರಿನಲ್ಲಿ ವಾಸಿಸುತ್ತದೆ, ಏನನ್ನು ತಿನ್ನುತ್ತದೆ ಎಂಬುದನ್ನು ಬಲ್ಲವನೇ ಅದನ್ನು ಒಂದೆಡೆ ಸೇರಿಸಿ ಹಿಡಿಯಬಲ್ಲನು ಎಂಬುದು ಇದರ ಹಿಂದಿನ ತರ್ಕ. ಗಾಳ, ದಾರ ಮತ್ತು ಕೋಲುಗಳ ವಿವರಗಳೂ ಇದರಲ್ಲಿವೆ.

ಮತ್ಸ್ಯವೈದ್ಯದ ದೃಷ್ಟಿಯಿಂದ

ಮತ್ಸ್ಯವಿನೋದವನ್ನು ಪ್ರಾಚೀನ ಭಾರತದ ಮೀನಿನ ವೈದ್ಯಶಾಸ್ತ್ರವೆಂದು ಭಾವಿಸುವುದು ಸರಿಯಲ್ಲ. ಅದು ಮೀನನ್ನು ಹಿಡಿಯುವ ಪ್ರಕರಣವೇ ಹೊರತು ಗುಣಪಡಿಸುವ ಪ್ರಕರಣವಲ್ಲ. ಮೀನಿನ ರೋಗಗಳ ಅಧ್ಯಯನವು ಸ್ವತಂತ್ರ ಶಾಸ್ತ್ರವಾಗಿ ಬೆಳೆದದ್ದು ಸೂಕ್ಷ್ಮದರ್ಶಕದ ಬಳಕೆ ವ್ಯಾಪಕವಾದ ಮೇಲೆ. ಜರ್ಮನಿಯ ಬ್ರೂನೋ ಹೋಫರ್ 1904ರಲ್ಲಿ ಮ್ಯೂನಿಕ್‌ನಿಂದ ಪ್ರಕಟಿಸಿದ ಮೀನಿನ ರೋಗಗಳ ಕೈಪಿಡಿಯು ಈ ಶಾಸ್ತ್ರದ ಆರಂಭಿಕ ಮಹತ್ವದ ಕೃತಿಯಾಗಿದೆ.

ಸೂಕ್ಷ್ಮದರ್ಶಕದಿಂದ ಉಂಟಾದ ವ್ಯತ್ಯಾಸಕ್ಕೆ ಅಕ್ವೇರಿಯಂ ಮೀನುಗಳ ಬಿಳಿಚುಕ್ಕೆ ರೋಗವು ಉತ್ತಮ ನಿದರ್ಶನ. ಇದಕ್ಕೆ ಕಾರಣವಾದ ಇಕ್ತಿಯೋಫ್ಥಿರಿಯಸ್ ಎಂಬ ಏಕಕೋಶ ಪರಾವಲಂಬಿಯು ಮೀನಿನ ಚರ್ಮದೊಳಗೆ ಅಡಗಿರುವಾಗ ಔಷಧಕ್ಕೆ ಸಿಗುವುದಿಲ್ಲ. ಅದು ಮೀನಿನಿಂದ ಕಳಚಿ ತೊಟ್ಟಿಯ ತಳದಲ್ಲಿ ವಿಭಜನೆಗೊಂಡು, ಅದರ ಮರಿಗಳು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಔಷಧವು ಪರಿಣಾಮ ಬೀರುತ್ತದೆ. ಆದ್ದರಿಂದಲೇ ಚುಕ್ಕೆಗಳು ಮಾಯವಾದ ಮೇಲೂ ಕೆಲವು ದಿನ ಚಿಕಿತ್ಸೆಯನ್ನು ಮುಂದುವರಿಸಬೇಕಾಗುತ್ತದೆ. ಇಂತಹ ಜೀವನಚಕ್ರವನ್ನು ಬರಿಗಣ್ಣಿನಿಂದ ತಿಳಿಯುವುದು 12ನೆಯ ಶತಮಾನದಲ್ಲಿ ಸಾಧ್ಯವಿರಲಿಲ್ಲ.

ಆದರೂ ಎರಡಕ್ಕೂ ಸಮಾನವಾದ ಒಂದು ನೆಲೆಯಿದೆ. ಮೀನು ಆಹಾರ ಬಿಟ್ಟಿದ್ದರೆ ಅಥವಾ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಇಂದಿನ ತಜ್ಞರೂ ಮೊದಲು ಪರಿಶೀಲಿಸುವುದು ಅದು ಯಾವ ಜಾತಿಯದು, ಯಾವ ನೀರಿನಲ್ಲಿದೆ, ಏನನ್ನು ತಿನ್ನುತ್ತಿತ್ತು ಎಂಬುದನ್ನೇ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಅಥವಾ ಉಳಿದ ಆಹಾರ ಕೊಳೆತು ಅಮೋನಿಯಾ ಹೆಚ್ಚಾದಾಗಲೂ ಇದೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆಗ ಬೇಕಾದುದು ಔಷಧವಲ್ಲ, ಶುದ್ಧ ನೀರು. ಆರೋಗ್ಯವಂತ ಮೀನಿನ ಸ್ವಭಾವವನ್ನು ಬಲ್ಲವರಿಗೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ. ಅಂತಹ ಸ್ವಭಾವಜ್ಞಾನವನ್ನು ಬರವಣಿಗೆಗೆ ತಂದುದು ಮತ್ಸ್ಯವಿನೋದದ ನಿಜವಾದ ಸಾಧನೆ.

ಕೊನೆಯ ವರ್ಷಗಳು ಮತ್ತು ಗ್ರಂಥದ ಪ್ರಕಟಣೆ

ಸೋಮೇಶ್ವರನ ಆಳ್ವಿಕೆ ಸುಮಾರು 1138ರಲ್ಲಿ ಕೊನೆಗೊಂಡಿತು. ಅನಂತರ ಮಗ ಎರಡನೆಯ ಜಗದೇಕಮಲ್ಲನೂ ಆತನ ತರುವಾಯ ಮೂರನೆಯ ತೈಲಪನೂ ಆಳಿದರು. ತೈಲಪನ ಕಾಲದಲ್ಲಿ ಸಾಮಂತನಾಗಿದ್ದ ಕಳಚೂರಿ ಬಿಜ್ಜಳನು ಕಲ್ಯಾಣದ ಅಧಿಕಾರವನ್ನು ಕೈವಶಮಾಡಿಕೊಂಡನು. 12ನೆಯ ಶತಮಾನದ ಕೊನೆಯ ವೇಳೆಗೆ ಚಾಲುಕ್ಯ ರಾಜ್ಯವು ಹೊಯ್ಸಳರು ಮತ್ತು ದೇವಗಿರಿಯ ಸೇವುಣರ ನಡುವೆ ಹಂಚಿಹೋಯಿತು.

ರಾಜ್ಯವು ಅಳಿದರೂ ಗ್ರಂಥವು ಹಸ್ತಪ್ರತಿಗಳಲ್ಲಿ ಉಳಿಯಿತು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಲ್ಲಿ ಇದರ ಮೊದಲ ಸಂಪುಟವು ಪ್ರಕಟವಾಯಿತು. 1926ರಲ್ಲಿ ಆರ್. ಶಾಮಶಾಸ್ತ್ರಿಯವರ ಸಂಪಾದಕತ್ವದಲ್ಲಿ ಅಭಿಲಷಿತಾರ್ಥ ಚಿಂತಾಮಣಿಯ ಒಂದು ಭಾಗವು ಮೈಸೂರಿನಿಂದ ಹೊರಬಂದಿತು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಮತ್ಸ್ಯವಿನೋದವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗೆ ಸಂಸ್ಕೃತ ವಿದ್ವಾಂಸರಿಗಷ್ಟೇ ಪರಿಚಿತವಾಗಿದ್ದ ಈ ಅಧ್ಯಾಯವು ಹೀಗೆ ವಿಜ್ಞಾನಿಗಳ ಗಮನಕ್ಕೂ ಬಂದಿತು.