ಶಾಲೆ ಕಟ್ಟಿದ ಚುಟುಕು ಕವಿ ದಿನಕರ ದೇಸಾಯಿ

ಕಾರವಾರ ತಾಲೂಕಿನ ಮಾಜಾಳಿ ದಾಟಿದರೆ ಗೋವಾ. ಕಾಳಿ ನದಿಗೆ ಸೇತುವೆ ಆಗುವ ಮೊದಲು ಅಲ್ಲಿಯವರು ಕಾರವಾರ ಪೇಟೆಗೆ ಬರಬೇಕಾದರೆ ಹೊಳೆ ದಾಟಿಯೇ ಬರಬೇಕಿತ್ತು. ಇವತ್ತು ಅದೇ ಮಾಜಾಳಿಯಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಆದರೆ ಈ ಜಿಲ್ಲೆಯ ಬಡವರ ಮಕ್ಕಳಿಗೆ ಹೈಸ್ಕೂಲೇ ದೂರದ ಮಾತಾಗಿದ್ದ ಕಾಲವೂ ಇತ್ತು. ಅದನ್ನು ಬದಲಿಸಲು ದುಡಿದವರಲ್ಲಿ ದಿನಕರ ದೇಸಾಯರ ಹೆಸರು ದೊಡ್ಡದು.

ಅವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲೂಕಿನಲ್ಲಿ. ಎಂ.ಎ., ಕಾನೂನು ಎರಡೂ ಓದಿದವರು. ವಕೀಲಿ ಮಾಡಿ ಸುಖವಾಗಿ ಇರಬಹುದಿತ್ತು. ಅವರು ಸೇರಿದ್ದು ಗೋಖಲೆಯವರು ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ. ಮುಂಬಯಿಯಲ್ಲಿ ಹಡಗಿನ ಕಾರ್ಮಿಕರಿಗಾಗಿ ದುಡಿದರು, ಊರಿನಲ್ಲಿ ಗೇಣಿದಾರ ರೈತರನ್ನು ಒಟ್ಟು ಮಾಡಿದರು. ಬ್ರಿಟಿಷ್ ಸರಕಾರ ಅವರನ್ನು ಐದು ವರ್ಷ ಜಿಲ್ಲೆಯಿಂದಲೇ ಗಡಿಪಾರು ಮಾಡಿತು.

ಗೇಣಿ ಎಷ್ಟು ಅಳೆದದ್ದು, ಸಾಲ ಎಷ್ಟು ತೀರಿದ್ದು ಎಂಬುದು ಒಡೆಯನ ಪುಸ್ತಕದಲ್ಲಿ ಮಾತ್ರ ಇದ್ದರೆ, ಓದು ಬಾರದವನು ಪ್ರಶ್ನೆ ಕೇಳುವುದಾದರೂ ಹೇಗೆ? ಹೋರಾಟದ ಜೊತೆಗೆ ಶಾಲೆಯೂ ಬೇಕಾದದ್ದು ಇದಕ್ಕೇ. 1953ರಲ್ಲಿ ದೇಸಾಯರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಹಳ್ಳಿ ಹಳ್ಳಿಗೆ ಹೈಸ್ಕೂಲುಗಳು ಬಂದವು. 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ಮನೆಯಲ್ಲಿ ಅಕ್ಷರವೇ ಕಾಣದ ಹುಡುಗ ಹುಡುಗಿಯರು ಬೆಂಚಿನ ಮೇಲೆ ಕೂತರು.

ಕಷ್ಟದಲ್ಲಿ ಬೆಳೆದ ಮಕ್ಕಳಲ್ಲಿ ಕೆಲವರು ಕುಗ್ಗುತ್ತಾರೆ, ಕೆಲವರು ಎದ್ದು ನಿಲ್ಲುತ್ತಾರೆ. ಯಾಕೆ? ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ತುಂಬಾ ಕಷ್ಟದ ಮನೆಗಳ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬೆಳೆದಿದ್ದರು. ಸಮಸ್ಯೆಯನ್ನು ಬಿಡಿಸಿ ನೋಡುವ ಬುದ್ಧಿ, ಬೆನ್ನಿಗೆ ನಿಲ್ಲುವ ಒಬ್ಬ ಹಿರಿಯ: ಅಂಥವರಲ್ಲಿ ಕಂಡದ್ದು ಇಂಥವು. ಒಳ್ಳೆಯ ಶಾಲೆ ಈ ಎರಡನ್ನೂ ಕೊಡಬಲ್ಲದು.

ದೇಸಾಯರ ಚುಟುಕಗಳಲ್ಲೂ ಅದೇ ಬುದ್ಧಿ ಕಾಣುತ್ತದೆ. ನಾಲ್ಕೇ ಸಾಲು, ಸುಲಭದ ಮಾತು; ನಗುತ್ತಲೇ ದೊಡ್ಡವರ ಡಂಭವನ್ನು ತಿರುಗಿಸಿ ತೋರಿಸುತ್ತವೆ. 1955ರಲ್ಲಿ ಜನಸೇವಕ ವಾರಪತ್ರಿಕೆ ಶುರು ಮಾಡಿದರು. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು. 1982ರ ನವೆಂಬರ್ 6ರಂದು ತೀರಿಕೊಂಡರು.

ನಮ್ಮ ಮನೆಗಳಲ್ಲೂ ಎಸ್ಸೆಸ್ಸೆಲ್ಸಿ ಫೇಲಾದ ಕೂಡಲೇ ಹುಡುಗನನ್ನು ಅಂಗಡಿಗೆ ಕಳಿಸುವುದು, ಹುಡುಗಿಯ ಓದು ನಿಲ್ಲಿಸುವುದು ಇನ್ನೂ ಇದೆ. ಅದಕ್ಕೆ ಮೊದಲು ಮಗುವಿನ ಜೊತೆ ಕೂತು, ಎಲ್ಲಿ ತಪ್ಪಿತು, ಮುಂದೆ ಯಾವ ದಾರಿ ಇದೆ ಎಂದು ಅದರ ಬಾಯಿಂದಲೇ ಕೇಳೋಣ. ಮರುಪರೀಕ್ಷೆಯ ಅರ್ಜಿಯನ್ನೂ ಅದೇ ತುಂಬಲಿ. ನಾವು ಪಕ್ಕದಲ್ಲಿ ಕೂತರೆ ಸಾಕು.