ಕೌದಿ ಹೊಲಿದ ಅಜ್ಜಿ ಲೂವ್ರ್‌ಗೆ ಹೋದದ್ದು

ಮೊದಲ ವರ್ಷದ ಡ್ರಾಯಿಂಗ್ ಕ್ಲಾಸಿನಲ್ಲಿ ನಾವೆಲ್ಲ ಪೆನ್ಸಿಲ್ ಹಿಡಿದು ಗೆರೆ ಎಳೆದವರೇ. ಯಂತ್ರದ ಒಂದು ಭಾಗವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಬರೆಯಬೇಕು. ಬಣ್ಣಕ್ಕೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ವಿಮಾನದ ಇಂಜಿನ್ನನ್ನೇ ಗೋಡೆಯಷ್ಟು ದೊಡ್ಡದಾಗಿ, ಬಣ್ಣಬಣ್ಣವಾಗಿ ಬರೆದ ಒಬ್ಬ ಮಹಿಳೆ ಇದ್ದರು ಅಂತ ಗೊತ್ತಾದಾಗ ನಮಗೆ ಕುತೂಹಲ ಹುಟ್ಟಿತು. ಅವರೇ ಸೋನಿಯಾ ಡೆಲೊನೆ. 94 ವರ್ಷ ಬದುಕಿ, ಮೊಮ್ಮಗನನ್ನು ಕಂಡು, ಮುದಿ ವಯಸ್ಸಿನಲ್ಲೂ ಬಣ್ಣ ಬಿಡದ ಅಜ್ಜಿ.

1885ರಲ್ಲಿ, ಈಗಿನ ಯುಕ್ರೇನಿನಲ್ಲಿ, ಒಂದು ಬಡ ಯಹೂದಿ ಮನೆಯಲ್ಲಿ ಅವರು ಹುಟ್ಟಿದರು. ಆಗ ಇಟ್ಟ ಹೆಸರು ಸಾರಾ ಸ್ಟರ್ನ್. ಐದು ವರ್ಷದ ಸುಮಾರಿಗೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವಕೀಲರಾಗಿದ್ದ ಸೋದರಮಾವ ಕರೆದುಕೊಂಡು ಹೋಗಿ ಸಾಕಿದರು. ಅಲ್ಲಿ ಅವರು ಸೋನಿಯಾ ಟೆರ್ಕ್ ಆದರು. ಮಾವನ ಮನೆಯಲ್ಲಿ ಪುಸ್ತಕ, ಚಿತ್ರ, ಹಲವು ಭಾಷೆ, ಪ್ರವಾಸ ಎಲ್ಲವೂ ಸಿಕ್ಕಿತು. ಆದರೆ ಕಣ್ಣಲ್ಲಿ ಉಳಿದದ್ದು ಹುಟ್ಟಿದ ಸೀಮೆಯ ಹಳ್ಳಿಗಳ ಗಾಢ ಬಣ್ಣಗಳು.

ಜರ್ಮನಿಯ ಕಾರ್ಲ್ಸ್‌ರೂಹದಲ್ಲಿ ಚಿತ್ರಕಲೆ ಕಲಿತು ಪ್ಯಾರಿಸ್‌ಗೆ ಬಂದರು. ಮನೆಯವರು ವಾಪಸ್ ಬಾ ಅಂತ ಒತ್ತಾಯ ಮಾಡಿದರು. ಪ್ಯಾರಿಸ್‌ನಲ್ಲೇ ಉಳಿಯೋದಕ್ಕೆ ಅವರು ಕಂಡುಕೊಂಡ ದಾರಿ ಮದುವೆ! 1908ರಲ್ಲಿ ವಿಲ್ಹೆಲ್ಮ್ ಊಡೆ ಅನ್ನುವ ಚಿತ್ರ ವ್ಯಾಪಾರಿಯನ್ನು ಮದುವೆಯಾದರು. ಅದು ಇಬ್ಬರೂ ಒಪ್ಪಿ ಮಾಡಿಕೊಂಡ ಒಂದು ಅನುಕೂಲದ ಏರ್ಪಾಡು. 1910ರಲ್ಲಿ ಜಗಳವಿಲ್ಲದೆ ಬೇರೆಯಾಗಿ, ಅದೇ ವರ್ಷ ತಾವು ಪ್ರೀತಿಸಿದ ಚಿತ್ರಕಾರ ರಾಬರ್ಟ್ ಡೆಲೊನೆ ಅವರನ್ನು ಮದುವೆಯಾದರು.

1911ರಲ್ಲಿ ಮಗ ಚಾರ್ಲ್ಸ್ ಹುಟ್ಟಿದ. ಮಗುವಿಗೆ ಹೊದಿಸಲು ಸೋನಿಯಾ ಬಟ್ಟೆ ಚೂರುಗಳನ್ನು ಸೇರಿಸಿ ಒಂದು ಹೊದಿಕೆ ಹೊಲಿದರು. ನಮ್ಮಲ್ಲಿ ಉತ್ತರ ಕರ್ನಾಟಕದ ಕಡೆಯಿಂದ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ, ಕೌದಿ ಅಂದರೆ ಸಾಕು. ಅವರ ಸೀಮೆಯ ರೈತ ಹೆಂಗಸರೂ ಹಾಗೇ ಹೊಲಿಯುತ್ತಿದ್ದರು. ಹೊಲಿದು ಮುಗಿಸಿ ನೋಡಿದರೆ ಅದರಲ್ಲಿ ಮನುಷ್ಯ, ಮರ, ಹೂವು ಏನೂ ಇಲ್ಲ. ಬರೀ ಬಣ್ಣದ ಪಕ್ಕದಲ್ಲಿ ಬಣ್ಣ. ಪ್ಯಾರಿಸ್‌ನ ಹೊಸ ಚಿತ್ರಕಾರರು ಕ್ಯಾನ್ವಾಸ್ ಮೇಲೆ ಹುಡುಕುತ್ತಿದ್ದದ್ದು ತೊಟ್ಟಿಲಲ್ಲಿ ಬಂದು ಕೂತಿತ್ತು!

ಇದರ ಹಿಂದೆ ಒಂದು ವಿಜ್ಞಾನವೂ ಇದೆ. ಷೆವ್ರಲ್ ಅನ್ನುವ ಕೆಮಿಸ್ಟ್ ಪ್ಯಾರಿಸ್‌ನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದರು. ಕೆಲವು ಬಣ್ಣ ಮಂಕಾಗಿ ಕಾಣುತ್ತೆ ಅಂತ ದೂರು ಬಂದಾಗ ಪರೀಕ್ಷೆ ಮಾಡಿ ನೋಡಿದರೆ, ತಪ್ಪು ಬಣ್ಣದ್ದಲ್ಲ, ಪಕ್ಕದ ಬಣ್ಣದ್ದು! ಒಂದು ಬಣ್ಣ ಹೇಗೆ ಕಾಣುತ್ತೆ ಅನ್ನೋದು ಅದರ ನೆರೆಯ ಬಣ್ಣದ ಮೇಲೂ ನಿಂತಿದೆ ಅಂತ ಅವರು 1839ರಲ್ಲಿ ಪುಸ್ತಕ ಬರೆದರು. ಸೋನಿಯಾ ಮತ್ತು ರಾಬರ್ಟ್ ಇದನ್ನೇ ಹಿಡಿದು ತಮ್ಮ ಕಲೆಯನ್ನು ಕಟ್ಟಿದರು. ಪ್ಯಾರಿಸ್ ಬೀದಿಯ ಎಲೆಕ್ಟ್ರಿಕ್ ದೀಪಗಳ ಬೆಳಕು ಒಡೆದು ಹರಡುವುದನ್ನು ಸೋನಿಯಾ 1914ರಲ್ಲಿ ಒಂದು ದೊಡ್ಡ ಚಿತ್ರ ಮಾಡಿದರು. ಅದಕ್ಕೂ ಮುಂಚೆ, 1913ರಲ್ಲಿ, ಕವಿ ಬ್ಲೇಸ್ ಸಾಂದ್ರಾರ್ ಜೊತೆ ಎರಡು ಮೀಟರ್ ಉದ್ದದ ಮಡಿಸುವ ಪುಸ್ತಕ ತಂದರು. 150 ಪ್ರತಿ ಮಾಡಿ ಒಂದರ ತುದಿಗೆ ಇನ್ನೊಂದು ಇಟ್ಟರೆ ಐಫೆಲ್ ಗೋಪುರದಷ್ಟು ಎತ್ತರ ಆಗಬೇಕು ಅನ್ನೋದು ಲೆಕ್ಕ.

ಆಮೇಲೆ ಕಷ್ಟ ಬಂತು. ಮೊದಲ ಮಹಾಯುದ್ಧದ ವರ್ಷಗಳನ್ನು ಅವರು ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಕಳೆದರು. ಅಲ್ಲಿಯವರೆಗೆ ಪೀಟರ್ಸ್‌ಬರ್ಗಿನಿಂದ ಮನೆ ಬಾಡಿಗೆಯ ಹಣ ಬರ್ತಿತ್ತು. 1917ರ ಕ್ರಾಂತಿಯಿಂದ ಅದು ನಿಂತುಹೋಯ್ತು. ಸೋನಿಯಾ ಕುಂಚ ಬದಿಗಿಟ್ಟು ಮ್ಯಾಡ್ರಿಡ್‌ನಲ್ಲಿ ಅಂಗಡಿ ತೆರೆದರು. ಪ್ಯಾರಿಸ್‌ಗೆ ಮರಳಿದ ಮೇಲೂ ಬಟ್ಟೆಯ ಡಿಸೈನ್, ನಾಟಕದ ಉಡುಪು, ಕೋಟು, ಶಾಲು ಹೀಗೆ ಕೆಲಸ ಮುಂದುವರಿಯಿತು. ತಮ್ಮ ಬಟ್ಟೆಗೆ ಹೊಂದುವ ಹಾಗೆ ಒಂದು ಸಿಟ್ರೊಯೆನ್ ಕಾರಿಗೂ ಬಣ್ಣ ಹಾಕಿಸಿದರು. ಮನೆ ನಡೆದದ್ದು ಬಹುಮಟ್ಟಿಗೆ ಅವರ ದುಡಿಮೆಯಿಂದ, ರಾಬರ್ಟ್ ಚಿತ್ರ ಬರೆದದ್ದೂ ಅದರಿಂದಲೇ. ಆದರೆ ಜನರ ಲೆಕ್ಕದಲ್ಲಿ ರಾಬರ್ಟ್ ಕಲಾವಿದ, ಸೋನಿಯಾ ಬಟ್ಟೆ ಮಾಡುವವರು.

1929ರ ಆರ್ಥಿಕ ಕುಸಿತದ ನಂತರ ಆ ವ್ಯವಹಾರ ಮುಚ್ಚಿ ಮತ್ತೆ ಕ್ಯಾನ್ವಾಸಿಗೆ ಬಂದರು. ನಾವು ಮೊದಲು ಹೇಳಿದ ಇಂಜಿನ್ ಚಿತ್ರ 1937ರ ಪ್ಯಾರಿಸ್ ವಸ್ತುಪ್ರದರ್ಶನದ ವಿಮಾನ ಮಂಟಪಕ್ಕೆ ಬರೆದದ್ದು. ಇಂಜಿನ್ ಒಂದು, ಪ್ರೊಪೆಲ್ಲರ್ ಒಂದು, ಪೈಲಟ್ ಮುಂದಿನ ಮೀಟರ್ ಫಲಕ ಒಂದು. ಮೂರೂ ಈಗ ಸ್ವೀಡನ್ನಿನ ಲುಂಡ್ ನಗರದ ಮ್ಯೂಸಿಯಂನಲ್ಲಿವೆ.

1941ರಲ್ಲಿ ರಾಬರ್ಟ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಫ್ರಾನ್ಸಿನ ಬಹುಭಾಗ ಆಗ ನಾಜಿಗಳ ಕೈಯಲ್ಲಿ. ಯಹೂದಿಯಾಗಿ ಹುಟ್ಟಿದವರಿಗೆ ಪ್ರತಿ ದಿನವೂ ಅಪಾಯ. ಸೋನಿಯಾ ದಕ್ಷಿಣದ ಗ್ರಾಸ್ ಊರಿನಲ್ಲಿ ಗೆಳೆಯ ಕಲಾವಿದರ ಜೊತೆ ಇದ್ದು ಬದುಕಿ ಉಳಿದರು. ಯುದ್ಧ ಮುಗಿದ ಮೇಲೆ ಮೊದಲು ಓಡಾಡಿದ್ದು ತಮಗಾಗಿ ಅಲ್ಲ, ಗಂಡನ ಚಿತ್ರಗಳನ್ನು ಜನ ಮರೆಯಬಾರದು ಅಂತ. ಅವರ ಸರದಿ ಬರುವಾಗ ವಯಸ್ಸು 79ರ ಹತ್ತಿರ. 1964ರಲ್ಲಿ ಲೂವ್ರ್‌ನಲ್ಲಿ ಅವರ ಪ್ರದರ್ಶನ ನಡೆಯಿತು. ಬದುಕಿರುವಾಗಲೇ ಆ ಗೌರವ ಪಡೆದ ಮೊದಲ ಕಲಾವಿದೆ ಅವರು. 1975ರಲ್ಲಿ ಫ್ರಾನ್ಸ್ ಸರ್ಕಾರ ಲೀಜನ್ ಆಫ್ ಆನರ್ ಕೊಟ್ಟಿತು. 1979ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಮಗನ ತೊಟ್ಟಿಲಿನ ಆ ಹೊದಿಕೆ ಈಗ ಪ್ಯಾರಿಸ್‌ನ ರಾಷ್ಟ್ರೀಯ ಆಧುನಿಕ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅದರ ಜೊತೆ ಹೊಲಿದವರ ಹೆಸರೂ ಇಸವಿಯೂ ದಾಖಲಾಗಿವೆ. ಇದನ್ನು ಬರೆಯುವಾಗ ನಮ್ಮ ತಲೆಗೆ ಬಂದದ್ದು ಇಷ್ಟೇ: ಅದನ್ನು ಹೊಲಿದವರು ಪ್ಯಾರಿಸ್‌ನಲ್ಲಿ ಇಲ್ಲದೆ, ಚಿತ್ರವನ್ನೂ ಬರೆಯದೆ ಇದ್ದಿದ್ದರೆ ಅದು ಟ್ರಂಕಿನಲ್ಲಿ ಹರಿದು ಹೋಗ್ತಿತ್ತು. ಅವರಿಗೆ ಆ ಕೈಚಳಕ ತೋರಿಸಿದ ಹಳ್ಳಿಯ ಹೆಂಗಸರ ಹೊದಿಕೆಗಳ ಹಾಗೆ. ನಮ್ಮಲ್ಲಿ ಕೆಲವರ ಹಾಸ್ಟೆಲ್ ಮಂಚದ ಮೇಲೂ ಒಂದೊಂದು ಕೌದಿ ಇದೆ. ಅದರಲ್ಲಿ ಯಾವ ಬಣ್ಣದ ಪಕ್ಕದಲ್ಲಿ ಯಾವುದು ಬರಬೇಕು ಅಂತ ಯಾರೋ ಒಬ್ಬರು ಕೂತು ಯೋಚನೆ ಮಾಡಿದ್ದಾರೆ. ಈ ಸಲ ಊರಿಗೆ ಹೋದಾಗ ಅವರ ಹೆಸರನ್ನು ಕೇಳಿ ಬರೆದುಕೊಂಡು ಬರೋಣ.