ನೀರನ್ನು ನೆಚ್ಚಿದ ತೋಪುಗಾರ: ವಿಲಿಯಂ ಆರ್ಮ್‌ಸ್ಟ್ರಾಂಗ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಅಪೇಕ್ಷಿಸಿದಾಗ ಸಂತೋಷದಿಂದ ಒಪ್ಪಿಕೊಂಡೆನು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಗಡಿಯಾಚೆಯ ಈ ಸೊಲ್ಲಾಪುರ ಸೀಮೆಯಲ್ಲಿ ಅದೇ ಮಾಧ್ಯಮದಲ್ಲಿ ಮೂರು ದಶಕಗಳಿಗೂ ಮಿಕ್ಕಿ ವಿಜ್ಞಾನವನ್ನು ಬೋಧಿಸಿದವನು ನಾನು. ಪಠ್ಯಪುಸ್ತಕದ ನಾಲ್ಕು ಸಾಲಿನ ನಿಯಮವೊಂದು ಲೋಕದಲ್ಲಿ ಎಷ್ಟು ದೂರ ನಡೆಯಬಲ್ಲದೆಂಬುದು ನನಗೆ ಎಂದಿಗೂ ಬತ್ತದ ಬೆರಗು. ಪಾಸ್ಕಲನ ನಿಯಮವು ಅಂಥದೊಂದು. ಅದನ್ನೇ ಹಿಡಿದು ಬಂದರಿನ ಹಮಾಲರ ಬೆನ್ನಿನ ಭಾರವನ್ನೂ ಯುದ್ಧನೌಕೆಯ ನೂರು ಟನ್ನಿನ ತೋಪನ್ನೂ ಎತ್ತಿದ ವಿಲಿಯಂ ಜಾರ್ಜ್ ಆರ್ಮ್‌ಸ್ಟ್ರಾಂಗನ ಜೀವನವನ್ನು ಇಲ್ಲಿ ನಿರೂಪಿಸಿದ್ದೇನೆ.

ಆರ್ಮ್‌ಸ್ಟ್ರಾಂಗನು ೧೮೧೦ನೆಯ ಇಸವಿ ನವೆಂಬರ್ ೨೬ರಂದು ಇಂಗ್ಲೆಂಡಿನ ಉತ್ತರ ಭಾಗದ ನ್ಯೂಕ್ಯಾಸಲ್ ನಗರದಲ್ಲಿ ಜನಿಸಿದನು. ತಂದೆ ಧಾನ್ಯದ ವ್ಯಾಪಾರಿ; ಮುಂದೆ ಆ ನಗರದ ಮೇಯರ್ ಆದವನು. ಬಾಲಕನ ದೇಹಪ್ರಕೃತಿ ದುರ್ಬಲ. ಚಳಿಗಾಲದಲ್ಲಿ ಮನೆಯೊಳಗೇ ಇರಬೇಕಾದ ಆ ಮಗುವಿಗೆ ತೂಕದ ಬಟ್ಟು, ದಾರ, ಹಳೆಯ ರಾಟೆಗಳೇ ಆಟಿಕೆಗಳಾದವು. ಯಂತ್ರಗಳಲ್ಲಿ ಆಸಕ್ತಿಯಿದ್ದರೂ ತಂದೆಯ ಇಚ್ಛೆಯಂತೆ ಕಾನೂನು ಕಲಿತು, ತಂದೆಯ ಸ್ನೇಹಿತನಾದ ಡಾಂಕಿನ್ ಎಂಬ ವಕೀಲನ ಕಚೇರಿಯಲ್ಲಿ ಪಾಲುಗಾರನಾದನು. ಮೂವತ್ತಾರು ವರ್ಷ ತುಂಬುವವರೆಗೂ ಆತನ ಜೀವನೋಪಾಯ ಕಾಗದಪತ್ರಗಳೇ. ತಡವಾಗಿ ದಾರಿ ಕಂಡುಕೊಂಡವರು ದೂರ ಹೋಗಲಾರರೆಂದು ಭಾವಿಸುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಮೀನು ಹಿಡಿಯುವುದು ಆತನಿಗೆ ಪ್ರಿಯವಾದ ಹವ್ಯಾಸ. ೧೮೩೫ರಲ್ಲಿ ಡೆಂಟ್ ಎಂಬ ಕಣಿವೆಯ ಹೊಳೆಯಲ್ಲಿ ಗಾಳ ಹಾಕುತ್ತಿದ್ದಾಗ, ಅಮೃತಶಿಲೆಯ ಕಾರ್ಖಾನೆಯೊಂದನ್ನು ನಡೆಸುತ್ತಿದ್ದ ನೀರಿನ ಚಕ್ರವು ಕಣ್ಣಿಗೆ ಬಿದ್ದಿತು. ಬೆಟ್ಟದ ಎತ್ತರದಿಂದ ಇಳಿದುಬರುವ ನೀರಿನ ಶಕ್ತಿಯಲ್ಲಿ ಅತ್ಯಲ್ಪ ಅಂಶ ಮಾತ್ರ ಆ ಚಕ್ರಕ್ಕೆ ದಕ್ಕುತ್ತಿತ್ತು, ಉಳಿದುದೆಲ್ಲ ವ್ಯರ್ಥ. ಅದೇ ನೀರನ್ನು ಕೊಳವೆಯಲ್ಲಿ ಹಿಡಿದು ಒತ್ತಡದಿಂದ ದುಡಿಸಿದರೆ ಹೇಗೆಂಬ ವಿಚಾರವು ಅಂದಿನಿಂದ ಆತನನ್ನು ಬಿಡಲಿಲ್ಲ. ನ್ಯೂಕ್ಯಾಸಲ್ಲಿಗೆ ಕೊಳಾಯಿ ನೀರು ಬಂದಾಗ, ಅದರ ಒತ್ತಡದಿಂದಲೇ ನದೀತೀರದ ಧಕ್ಕೆಯಲ್ಲಿ ಸರಕು ಎತ್ತುವ ಕ್ರೇನನ್ನು ೧೮೪೬ರಲ್ಲಿ ನಡೆಸಿ ತೋರಿಸಿದನು. ಹಡಗಿನ ಮೂಟೆಗಳು ಹಿಂದಿಗಿಂತ ಬೇಗ ಇಳಿದವು. ಮರುವರ್ಷ, ೧೮೪೭ರಲ್ಲಿ, ವಕೀಲಿಯನ್ನು ಬಿಟ್ಟು ಟೈನ್ ನದಿಯ ದಂಡೆಯ ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆಯನ್ನು ಆರಂಭಿಸಿದನು.

ಇಲ್ಲಿ ನಿಯಮವನ್ನೊಮ್ಮೆ ನೆನಪಿಸಿಕೊಳ್ಳೋಣ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಆದುದರಿಂದ ಕಿರಿದಾದ ಕೊಳವೆಯಲ್ಲಿ ಒತ್ತಿದ ಅಲ್ಪಬಲವು ಅಗಲವಾದ ಕೊಳವೆಯಲ್ಲಿ ಹಲವು ಪಟ್ಟಾಗಿ ಮೇಲೇಳುತ್ತದೆ. ಇಂದು ಊರೂರಿನಲ್ಲಿ ಮಣ್ಣು ತೋಡುವ ಜೆಸಿಬಿ ಯಂತ್ರದ ತೋಳು ಏಳುವುದೂ ಇದರಿಂದಲೇ. ಅಲ್ಲಿ ನೀರಿನ ಬದಲು ಎಣ್ಣೆ. ಆದರೆ ಎಲ್ಲ ಬಂದರುಗಳಲ್ಲಿಯೂ ಎತ್ತರದ ಜಲಾಶಯವಿರುವುದಿಲ್ಲ. ಈ ತೊಡಕಿಗೆ ಆರ್ಮ್‌ಸ್ಟ್ರಾಂಗನು ೧೮೫೦ರ ಹೊತ್ತಿಗೆ ಕಂಡುಕೊಂಡ ಉಪಾಯ ಬಹು ಸರಳವಾದುದು. ನಿಲುವಾದ ದಪ್ಪ ಕೊಳವೆಯಲ್ಲಿ ಪಿಸ್ಟನ್ ಇಟ್ಟು, ಅದರ ಮೇಲೆ ಕಲ್ಲು ಕಬ್ಬಿಣ ತುಂಬಿದ ಭಾರಿ ತೊಟ್ಟಿಯನ್ನು ಹೇರಿದನು. ಉಗಿಯಂತ್ರವು ನೀರನ್ನು ಒಳಗೆ ತುಂಬಿದಂತೆ ತೊಟ್ಟಿ ಮೇಲೇಳುವುದು. ಬೇಕೆಂದಾಗ ಅದರ ಭಾರವೇ ನೀರನ್ನು ಚದರ ಅಂಗುಲಕ್ಕೆ ಸುಮಾರು ೬೦೦ ಪೌಂಡಿನ ಒತ್ತಡದಿಂದ ಹೊರದೂಡುವುದು. ಬಲವನ್ನು ಕೂಡಿಡುವ ಹುಂಡಿಯೆಂದೇ ಇದನ್ನು ಕರೆಯಬಹುದು.

ಇಷ್ಟರಲ್ಲಿ ಕ್ರಿಮಿಯಾದ ಯುದ್ಧ ಬಂದಿತು. ೧೮೫೪ರ ನವೆಂಬರಿನಲ್ಲಿ ಇಂಕರ್‌ಮನ್ ಎಂಬಲ್ಲಿ ನಡೆದ ಕಾಳಗದಲ್ಲಿ ಭಾರವಾದ ತೋಪುಗಳನ್ನು ಎಳೆದು ತರಲು ಬ್ರಿಟಿಷ್ ಸೈನಿಕರು ಪಟ್ಟ ಪಾಡಿನ ವರದಿಯನ್ನು ಓದಿ, ಹಗುರವಾಗಿಯೂ ಬಲವಾಗಿಯೂ ಇರುವ ತೋಪನ್ನು ಮಾಡಲು ಹೊರಟನು. ಅಂದಿನ ತೋಪುಗಳು ಗಂಟೆಯಂತೆ ಎರಕ ಹೊಯ್ದವು. ನಮ್ಮವರಿಗೆ ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಪರಿಚಯವಿದೆ. ೧೫೪೯ರಲ್ಲಿ ಎರಕವಾದ, ಸುಮಾರು ೫೫ ಟನ್ ತೂಗುವ ಆ ತೋಪಿಗೆ ಬಾಯಿಯಿಂದಲೇ ಮದ್ದು, ಬಾಯಿಯಿಂದಲೇ ಗುಂಡು. ಮೂರು ಶತಮಾನ ಕಳೆದರೂ ಯೂರೋಪಿನ ತೋಪಿನ ಮೂಲರೀತಿ ಅದೇ ಆಗಿತ್ತು.

ಆರ್ಮ್‌ಸ್ಟ್ರಾಂಗನು ಎರಕವನ್ನು ಬಿಟ್ಟನು. ನಮ್ಮ ಕಮ್ಮಾರರು ಬಂಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕಾಸಿ ತೊಡಿಸಿ ನೀರು ಹೊಯ್ಯುವರಲ್ಲವೆ? ತಣಿದಂತೆ ಹಳಿಯು ಕುಗ್ಗಿ ಮರವನ್ನು ಬಿಗಿಹಿಡಿಯುವುದು. ಹಾಗೆಯೇ ಒಳಗಿನ ಕೊಳವೆಯ ಮೇಲೆ ಕಬ್ಬಿಣದ ಸರಳನ್ನು ಸುರುಳಿ ಸುತ್ತಿ ಬಡಿದು ಮಾಡಿದ ಬಳೆಗಳನ್ನು ಕಾಸಿ ತೊಡಿಸಿದನು. ಮದ್ದು ಸಿಡಿದಾಗ ಹೊರಗಿನ ಬಳೆಗಳ ಬಿಗಿತವು ಒಳಗೊಳವೆಯನ್ನು ಕಾಯುತ್ತಿತ್ತು. ಕೊಳವೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದುದರಿಂದ ಉದ್ದನೆಯ ಗುಂಡು ಬುಗುರಿಯಂತೆ ತಿರುಗುತ್ತ ಗುರಿ ತಪ್ಪದೆ ಸಾಗಿತು. ಮದ್ದು ತುಂಬುವುದು ಬಾಯಿಯಿಂದಲ್ಲ, ಹಿಂಬದಿಯಿಂದ. ೧೮೫೯ರಲ್ಲಿ ತನ್ನ ಪೇಟೆಂಟುಗಳನ್ನು ಹಣ ಪಡೆಯದೆ ಸರಕಾರಕ್ಕೆ ಒಪ್ಪಿಸಿ, ಸರ್ ಪದವಿಯನ್ನು ಪಡೆದನು.

ಆದರೆ ದಾರಿ ಸುಗಮವಾಗಿರಲಿಲ್ಲ. ೧೮೬೩ರಲ್ಲಿ ಬ್ರಿಟಿಷ್ ನೌಕಾಪಡೆಯು ಜಪಾನಿನ ಕಗೋಶಿಮಾ ಪಟ್ಟಣದ ಮೇಲೆ ಗುಂಡಿನ ಮಳೆಗರೆದಾಗ ಪಟ್ಟಣದ ಬಹುಭಾಗ ಸುಟ್ಟುಹೋಯಿತು. ಅಂದು ೨೧ ಆರ್ಮ್‌ಸ್ಟ್ರಾಂಗ್ ತೋಪುಗಳು ೩೬೫ ಗುಂಡು ಹಾರಿಸುವಷ್ಟರಲ್ಲಿ ೨೮ ಸಲ ಕೆಟ್ಟವು. ಹಿಂಬದಿಯ ಮುಚ್ಚಳದ ಜೋಡಣೆ ದೊಡ್ಡ ತೋಪುಗಳಲ್ಲಿ ಆ ರಭಸವನ್ನು ತಡೆಯಲಿಲ್ಲ. ಬ್ರಿಟಿಷ್ ಸೇನೆಯು ಮತ್ತೆ ಬಾಯಿಯಿಂದ ತುಂಬುವ ತೋಪಿಗೇ ಮರಳಿತು. ಆತನು ಸರಕಾರದ ಹುದ್ದೆಗೆ ರಾಜೀನಾಮೆ ಕೊಟ್ಟು ಎಲ್ಸ್‌ವಿಕ್‌ಗೆ ಹಿಂದಿರುಗಿ, ಪರದೇಶಗಳಿಗೆ ತೋಪು ಮಾರತೊಡಗಿದನು.

ಯುದ್ಧನೌಕೆಗಳ ಉಕ್ಕಿನ ಕವಚ ದಪ್ಪವಾದಂತೆ ತೋಪುಗಳೂ ಬೆಳೆದವು. ಇಟಲಿಯ ಡುಯಿಲಿಯೋ ಎಂಬ ನೌಕೆಗಾಗಿ ಎಲ್ಸ್‌ವಿಕ್‌ನಲ್ಲಿ ತಯಾರಾದ ತೋಪಿನ ತೂಕ ೧೦೦ ಟನ್. ಬಾಯಿಯ ಅಗಲ ೪೫ ಸೆಂಟಿಮೀಟರ್. ಗುಂಡಿನ ತೂಕ ಸುಮಾರು ೯೦೦ ಕಿಲೋಗ್ರಾಂ. ಇಷ್ಟನ್ನು ಮನುಷ್ಯರ ರಟ್ಟೆಯಿಂದ ನಡೆಸಲಾಗದು. ಇಲ್ಲಿಗೆ ಬಂದರಿನ ಕ್ರೇನಿನ ನೀರು ಬಂದಿತು. ಜಾರ್ಜ್ ರೆಂಡೆಲ್ ಎಂಬ ಆತನ ಪಾಲುಗಾರನು ಈ ವ್ಯವಸ್ಥೆಯನ್ನು ಹೀಗೆ ರೂಪಿಸಿದನು: ಹಡಗಿನ ಹೊಟ್ಟೆಯಲ್ಲಿ ಉಗಿಯಂತ್ರವು ನೀರನ್ನು ಒತ್ತಡಕ್ಕೆ ಏರಿಸುತ್ತದೆ. ಆ ನೀರೇ ತೋಪುಗಳಿರುವ ಉಕ್ಕಿನ ಗೋಪುರವನ್ನು ಬೇಕಾದ ದಿಕ್ಕಿಗೆ ತಿರುಗಿಸುತ್ತದೆ. ಗುಂಡು ತುಂಬಬೇಕಾದಾಗ ಗೋಪುರವು ಗೊತ್ತಾದ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ತೋಪು ತನ್ನ ಬಾಯಿಯನ್ನು ಹಡಗಿನ ಅಟ್ಟದತ್ತ ಬಗ್ಗಿಸುತ್ತದೆ. ಕೆಳಗಿನ ಮದ್ದಿನ ಕೋಣೆಯಿಂದ ಬಂದ ಮದ್ದನ್ನೂ ಗುಂಡನ್ನೂ, ನೀರಿನ ಬಲದಿಂದ ನಡೆಯುವ ದೂಡುಕೋಲು ತೋಪಿನ ಬುಡದವರೆಗೆ ನೂಕುತ್ತದೆ. ತೋಪು ಹಾರಿದಾಗ ಹಿಮ್ಮುಖವಾಗಿ ನುಗ್ಗುವ ರಭಸವನ್ನು ತಡೆಯುವುದೂ ನೀರೇ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಗಾಳಿ ತಡೆದು ತಡೆದು ಹೊರಬರುವಂತೆ, ಕೊಳವೆಯ ನೀರು ಇಕ್ಕಟ್ಟಾದ ದಾರಿಯಲ್ಲಿ ನುಸುಳುತ್ತ ನೂರು ಟನ್ನಿನ ನೆಗೆತವನ್ನು ನುಂಗಿಬಿಡುತ್ತದೆ. ಕವಾಟದ ಹಿಡಿಗೆ ಕೈಹಚ್ಚಿದ ಕೆಲವೇ ಜನರಿಂದ ಇಷ್ಟೂ ನಡೆಯುತ್ತಿತ್ತು.

ಈ ಸುಲಭತೆಯ ಬೆಲೆ ೧೮೭೯ರ ಜನವರಿ ೨ರಂದು ತಿಳಿದುಬಂದಿತು. ತುರ್ಕಿಯ ಬಳಿಯ ಮಾರ್ಮರಾ ಸಮುದ್ರದಲ್ಲಿ ಥಂಡರರ್ ಎಂಬ ಬ್ರಿಟಿಷ್ ನೌಕೆಯು ತೋಪಿನ ಅಭ್ಯಾಸದಲ್ಲಿ ತೊಡಗಿತ್ತು. ಅದರ ಮುಂದಿನ ಗೋಪುರದಲ್ಲಿ ನೀರಿನಿಂದ ತುಂಬುವ ವ್ಯವಸ್ಥೆ. ತೋಪುಗಳು ಒಂದೊಂದೂ ೩೮ ಟನ್. ಎರಡನ್ನೂ ಒಟ್ಟಿಗೆ ಹಾರಿಸಿದಾಗ ಒಂದು ಹಾರಲೇ ಇಲ್ಲ. ಇನ್ನೊಂದರ ಅಬ್ಬರದಲ್ಲಿ ಅದು ಯಾರಿಗೂ ತಿಳಿಯಲಿಲ್ಲ. ಒಳಗೆ ಮದ್ದುಗುಂಡು ಹಾಗೆಯೇ ಇದ್ದ ತೋಪಿಗೆ ಮತ್ತೊಂದು ಸಲ ಮದ್ದುಗುಂಡು ತುಂಬಲಾಯಿತು. ಹಿಂದಿನಂತೆ ಜನರೇ ಕೋಲು ಹಿಡಿದು ನೂಕಿದ್ದರೆ, ಅದು ಎಂದಿನಷ್ಟು ಒಳಹೋಗದುದು ಕೈಗೆ ತಿಳಿಯುತ್ತಿತ್ತು. ನೀರಿಗೆ ಅಂಥ ಅರಿವಿಲ್ಲ. ತೋಪು ಸಿಡಿದು ೧೧ ಮಂದಿ ಮಡಿದರು. ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕಾರಣದ ಬಗೆಗೆ ವಾದಗಳೆದ್ದಾಗ, ಅದರ ಜೊತೆಯ ತೋಪನ್ನು ವುಲಿಚ್‌ಗೆ ತಂದು, ಬೇಕೆಂದೇ ಎರಡು ಸಲ ತುಂಬಿ ಹಾರಿಸಿ ನೋಡಿದರು. ಅದೂ ಹಾಗೆಯೇ ಸಿಡಿಯಿತು.

ಈ ದುರಂತವು ಬ್ರಿಟಿಷ್ ನೌಕಾಪಡೆಯನ್ನು ಹಿಂಬದಿಯಿಂದ ತುಂಬುವ ತೋಪಿನತ್ತ ಮರಳಿಸಿದ ಕಾರಣಗಳಲ್ಲಿ ಒಂದಾಯಿತು. ನಿಧಾನವಾಗಿ ಉರಿಯುವ ಹೊಸ ಮದ್ದಿಗೆ ಉದ್ದವಾದ ಕೊಳವೆ ಬೇಕಾದುದು ಇನ್ನೊಂದು ಕಾರಣ. ಹಿಂಬದಿಯ ಬಾಗಿಲನ್ನು ತೆರೆದರೆ ಕೊಳವೆಯ ಆ ತುದಿಯ ಬೆಳಕು ಕಣ್ಣಿಗೆ ಕಾಣುತ್ತದೆ. ಬೆಳಕು ಕಾಣದಿದ್ದರೆ ಒಳಗೇನೋ ಉಳಿದಿದೆಯೆಂದೇ ಅರ್ಥ. ಹದಿನೈದು ವರ್ಷಗಳ ಹಿಂದೆ ತಿರಸ್ಕೃತವಾದ ಆತನ ವಿಚಾರವು, ಇತರರು ಸುಧಾರಿಸಿದ ಮುಚ್ಚಳಗಳೊಂದಿಗೆ, ಹೀಗೆ ಪುನಃ ಅಂಗೀಕಾರವಾಯಿತು.

ಆರ್ಮ್‌ಸ್ಟ್ರಾಂಗನ ಸಾಧನೆ ತೋಪಿಗೆ ಸೀಮಿತವಲ್ಲ. ೧೮೭೬ರಲ್ಲಿ ತೆರೆದ ನ್ಯೂಕ್ಯಾಸಲ್ಲಿನ ತಿರುಗುವ ಸೇತುವೆಯೂ, ೧೮೯೪ರಲ್ಲಿ ತೆರೆದ ಲಂಡನ್ನಿನ ಟವರ್ ಸೇತುವೆಯನ್ನು ಎತ್ತುವ ಯಂತ್ರಗಳೂ ಆತನ ಸಂಸ್ಥೆಯ ಕೃತಿಗಳು. ಕ್ರಾಗ್‌ಸೈಡ್ ಎಂಬ ತನ್ನ ಬೆಟ್ಟದ ಮನೆಯಲ್ಲಿ ೧೮೭೮ರಲ್ಲಿಯೇ ಕೆರೆಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ ದೀಪ ಹೊತ್ತಿಸಿದನು. ಕಲ್ಲಿದ್ದಲು ಮುಂದೊಂದು ದಿನ ಮುಗಿಯುವುದೆಂದು ೧೮೬೩ರಲ್ಲಿಯೇ ವಿದ್ವತ್ಸಭೆಯಲ್ಲಿ ಎಚ್ಚರಿಸಿದ್ದನು. ನ್ಯೂಕ್ಯಾಸಲ್ಲಿನ ವಿಜ್ಞಾನ ಕಾಲೇಜಿಗೆ ನೆರವಾದನು. ವಿಶಾಲವಾದ ಉದ್ಯಾನವನ್ನು ನಗರಕ್ಕೆ ದಾನ ಮಾಡಿದನು. ಆದರೆ ೧೮೭೧ರಲ್ಲಿ ಕಾರ್ಮಿಕರು ದಿನಕ್ಕೆ ಒಂಬತ್ತು ಗಂಟೆಯ ದುಡಿಮೆಯನ್ನು ಕೇಳಿದಾಗ ಅದೇ ಉದಾರಿಯು ತಿಂಗಳುಗಟ್ಟಲೆ ವಿರೋಧಿಸಿ, ಕೊನೆಗೆ ಮಣಿಯಬೇಕಾಯಿತು. ಮನುಷ್ಯನ ಗುಣದೋಷಗಳನ್ನು ಒಟ್ಟಿಗೇ ಹೇಳಬೇಕು.

ಅಸ್ತ್ರವನ್ನು ತಯಾರಿಸುವುದು ತನ್ನ ಕೆಲಸ, ಅದನ್ನು ಬಳಸುವ ಹೊಣೆ ಬಳಸುವವರದು ಎಂಬುದು ಆತನ ನಿಲುವಾಗಿತ್ತು. ೧೮೯೪ರ ಸೆಪ್ಟೆಂಬರ್ ೧೭ರಂದು ಯಾಲು ನದಿಯ ಮುಖದಲ್ಲಿ ಚೀನಾ ಜಪಾನುಗಳ ನಡುವೆ ನಡೆದ ನೌಕಾಕದನದಲ್ಲಿ ಈ ನಿಲುವು ಪರೀಕ್ಷೆಗೆ ಬಂದಿತೆಂದು ನನಗೆ ತೋರುತ್ತದೆ. ಜಪಾನಿನ ನಾನಿವಾ, ಯೋಶಿನೊ ನೌಕೆಗಳೂ ಚೀನಾದ ಝಿಯುವಾನ್ ನೌಕೆಯೂ ಟೈನ್ ನದಿಯ ದಂಡೆಯಲ್ಲಿ ಆತನ ಸಂಸ್ಥೆಯೇ ಕಟ್ಟಿಸಿದವು. ಝಿಯುವಾನ್ ಮುಳುಗಿತು; ಅದರೊಡನೆ ಅದರ ಜನರಲ್ಲಿ ಬಹುಮಂದಿ ಮುಳುಗಿದರು. ಮೂರು ದಶಕಗಳ ಹಿಂದೆ ಆತನ ತೋಪಿನಿಂದ ಬೆಂದ ಕಗೋಶಿಮಾದ ನಾಡು ಈಗ ಆತನ ಗಿರಾಕಿಯಾಗಿತ್ತು.

ಆರ್ಮ್‌ಸ್ಟ್ರಾಂಗನು ೧೯೦೦ರ ಡಿಸೆಂಬರ್ ೨೭ರಂದು ತೊಂಬತ್ತನೆಯ ವಯಸ್ಸಿನಲ್ಲಿ, ಮಕ್ಕಳಿಲ್ಲದೆ, ಕ್ರಾಗ್‌ಸೈಡಿನಲ್ಲಿ ತೀರಿಕೊಂಡನು. ಅಷ್ಟರಲ್ಲಿ ಎಲ್ಸ್‌ವಿಕ್ ಸಂಸ್ಥೆಯನ್ನು ನಂಬಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರು ದುಡಿಯುತ್ತಿದ್ದರು. ನಾಲ್ಕು ವರ್ಷಗಳ ತರುವಾಯ, ೧೯೦೪ರ ಮೇ ೧೫ರಂದು, ಆತನ ಸಂಸ್ಥೆ ಜಪಾನಿಗೆ ಕಟ್ಟಿಕೊಟ್ಟ ಯಶಿಮಾ ಮತ್ತು ಹತ್ಸುಸೆ ಎಂಬ ಎರಡು ಮಹಾನೌಕೆಗಳು ರಷ್ಯನ್ನರು ನೀರಿನಲ್ಲಿ ಹುದುಗಿಸಿಟ್ಟ ಸಿಡಿಮದ್ದಿಗೆ ತಾಗಿ ಒಂದೇ ದಿನ ನಾಶವಾದವು. ಅವುಗಳ ಭಾರಿ ತೋಪುಗಳಿಗೆ ಗುರಿಯಿಡಲು ಎದುರಿನಲ್ಲಿ ಶತ್ರುವೇ ಇರಲಿಲ್ಲ.

ನಮ್ಮ ಶಾಲೆಯಲ್ಲಿ ಓದಿದ ಅನೇಕರು ಇಂದು ಕಾರ್ಖಾನೆಗಳಲ್ಲಿ, ವಿದ್ಯುತ್ ಕೇಂದ್ರಗಳಲ್ಲಿ, ಗಣಕಯಂತ್ರಗಳ ಮುಂದೆ ಕುಳಿತು ಒಂದು ಗುಂಡಿಯನ್ನು ಒತ್ತಿ ಸಾವಿರ ಜನರ ಕೆಲಸವನ್ನು ಮಾಡಿಸುತ್ತಿರುವರು. ಅದು ನನಗೆ ಹೆಮ್ಮೆಯ ಸಂಗತಿ. ಆದರೆ ಥಂಡರರ್ ನೌಕೆಯ ಆ ಹನ್ನೊಂದು ಮಂದಿಯನ್ನು ಅವರು ಮರೆಯಬಾರದೆಂಬುದು ಈ ವೃದ್ಧ ಶಿಕ್ಷಕನ ವಿನಂತಿ. ಭಾರವನ್ನು ಕೈಯಿಂದ ಇಳಿಸಿ ಯಂತ್ರಕ್ಕೆ ಒಪ್ಪಿಸಿದಾಗ, ಕೈಗಿದ್ದ ಅರಿವು ಯಂತ್ರಕ್ಕೆ ತಾನಾಗಿ ಹೋಗುವುದಿಲ್ಲ. ಅದನ್ನು ಕಣ್ಣಿಗೂ ಮನಸ್ಸಿಗೂ ವಹಿಸಿಕೊಡಬೇಕು. ಕೊಳವೆಯ ನೀರು ಮೂಟೆಯನ್ನೂ ಎತ್ತುವುದು, ಗುಂಡನ್ನೂ ಎತ್ತುವುದು. ಯಾವುದನ್ನು ಎತ್ತಬೇಕೆಂಬುದನ್ನು ಪಾಸ್ಕಲನ ನಿಯಮ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಕವಾಟದ ಹಿಡಿಯ ಬಳಿ ನಿಂತವರು.